ಶಾಲೆ ಮುಚ್ಚಿದಾಗ ಮಗುವನ್ನು ಎತ್ತಿಕೊಂಡವರಾರು?

(ತಾಲೂಕಿನ ಉಪಾಧ್ಯಾಯರು ಮತ್ತು ಪೋಷಕರ ಸಭೆಯಲ್ಲಿ ಮಾಡಿದ ಭಾಷಣ)



ಇಂದಿನ ಸಭೆಗೆ ಇಟ್ಟಿರುವ ವಿಷಯ, ಸಾಂಕ್ರಾಮಿಕ ರೋಗದ ಕಾಲದಲ್ಲಿ ಪಾಠ ಹೇಳುವ ಕೆಲಸ ಮತ್ತು ಮಕ್ಕಳನ್ನು ಸಾಕುವ ಕೆಲಸ, ಇವೆರಡರ ಸಮತೋಲನ. ಸಮತೋಲನವೆಂದರೆ ತಕ್ಕಡಿ ಸಮನಾಗಿ ನಿಲ್ಲುವುದು. ಸಂತೆಯಲ್ಲಿ ತಕ್ಕಡಿ ಒಂದು ಕಡೆಗೆ ವಾಲಿದರೆ ನಾವು ತಕ್ಕಡಿಯನ್ನು ಬಯ್ಯುವುದಿಲ್ಲ. ತಟ್ಟೆಗೆ ಕಲ್ಲು ಹಾಕಿದ ಕೈ ಯಾರದೆಂದು ನೋಡುತ್ತೇವೆ. ಈ ವಿಷಯವನ್ನೂ ಹಾಗೆಯೇ ನೋಡಬೇಕೆಂದು ನಮ್ಮ ವಿನಂತಿ.

ಕೊರೋನಾ ಮುಗಿಯಿತಲ್ಲ, ಹಳೆಯ ಕತೆಯನ್ನು ಈಗೇಕೆ ಎತ್ತುತ್ತೀರಿ ಎಂದು ಕೆಲವರು ಕೇಳಬಹುದು. 2023ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯವರು ತುರ್ತು ಪರಿಸ್ಥಿತಿ ಕೊನೆಗೊಂಡಿತೆಂದು ಸಾರಿದ್ದು ನಿಜ. ಆದರೆ 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತ್ತು. 1918ರಲ್ಲಿ ಇನ್‌ಫ್ಲುಯೆಂಜಾ ಬಂದಿತ್ತು. 2020ರಲ್ಲಿ ಕೊರೋನಾ ಬಂತು. ಇನ್ನೊಂದು ಬರುವುದಿಲ್ಲವೆಂದು ನಮಗೆ ಯಾರೂ ಬರೆದುಕೊಟ್ಟಿಲ್ಲ. ಬೆಂಕಿ ಬಿದ್ದಾಗ ಬಾವಿ ತೋಡಲು ಹೊರಟವರ ಮನೆ ಉಳಿದದ್ದುಂಟೆ? ಆದುದರಿಂದ ಮಾತಾಡಬೇಕಾದ ಕಾಲ ಇದೇ.

ನಡೆದದ್ದನ್ನು ಒಮ್ಮೆ ನೆನಪಿಗೆ ತಂದುಕೊಳ್ಳೋಣ. ದೇಶದಲ್ಲಿ ಕೊರೋನಾದ ಮೊದಲ ಸಾವು 2020ರ ಮಾರ್ಚ್ 10ರಂದು ನಮ್ಮ ಕಲಬುರಗಿಯಲ್ಲಾಯಿತು. ಆ ತಿಂಗಳ ಮಧ್ಯದೊಳಗೆ ಶಾಲೆಗಳು ಮುಚ್ಚಿದವು. ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತು. ಮುಂದಿನ ವರ್ಷ ಎರಡನೆಯ ಅಲೆ ಬಂದು ಊರೂರಿನಲ್ಲಿ ಹೆಣ ಬಿದ್ದವು. ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ಶಾಲೆಯ ಬಾಗಿಲು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಅಂಗನವಾಡಿ ತೆರೆದದ್ದು ನವೆಂಬರ್ 8ರಂದು. ಹತ್ತೊಂಬತ್ತು ತಿಂಗಳು! ಅತ್ಯಂತ ಚಿಕ್ಕ ಮಕ್ಕಳೇ ಅತ್ಯಂತ ಕೊನೆಗೆ ಶಾಲೆಯ ಮುಖ ಕಂಡರು.

ರೋಗ ಹರಡದಂತೆ ಶಾಲೆ ಮುಚ್ಚಬೇಕಾಯಿತು. ಅದನ್ನು ನಾವು ತಪ್ಪೆನ್ನುವುದಿಲ್ಲ. ನಮ್ಮ ಪ್ರಶ್ನೆ ಬೇರೆ. ಶಾಲೆ ಮಾಡುತ್ತಿದ್ದ ಕೆಲಸವೇನು? ಅದು ಅಕ್ಷರ ಕಲಿಸುತ್ತಿತ್ತು, ಇದು ಎಲ್ಲರಿಗೂ ಗೊತ್ತು. ಅದು ಮಧ್ಯಾಹ್ನ ಬಿಸಿಯೂಟ ಹಾಕುತ್ತಿತ್ತು, ಹಾಲು ಕೊಡುತ್ತಿತ್ತು. ತಾಯಿ ತಂದೆ ದುಡಿಯಲು ಹೋದಾಗ ಮಗುವನ್ನು ತನ್ನ ಸೂರಿನ ಕೆಳಗೆ ಕಾಯುತ್ತಿತ್ತು. ಇದನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಶಾಲೆಗೆ ಬೀಗ ಬಿದ್ದ ದಿನ ಈ ಮೂರು ಕೆಲಸಗಳೂ ನಿಂತುಹೋಗಲಿಲ್ಲ, ಮನೆಗೆ ಬಂದವು. ಬಿಸಿಯೂಟದ ಬದಲು ಸರ್ಕಾರ ಅಕ್ಕಿ ಬೇಳೆ ಹಂಚಿತು, ಒಳ್ಳೆಯದು. ಅದನ್ನು ಬೇಯಿಸಿ ಬಡಿಸಿದವರಾರು? ಪಾಠ ಕೂಡಿಸಿದವರಾರು? ಮಗುವನ್ನು ಕಾದವರಾರು? ಸಾರ್ವಜನಿಕವಾಗಿ ಸಂಬಳ ಕೊಟ್ಟು ಮಾಡಿಸುತ್ತಿದ್ದ ಕೆಲಸವನ್ನು ರಾತ್ರೋರಾತ್ರಿ ಸಂಬಳವಿಲ್ಲದೆ ಹೆಣ್ಣುಮಕ್ಕಳ ಹೆಗಲಿಗೆ ಹೊರಿಸಲಾಯಿತು. ತಟ್ಟೆಗೆ ಬಿದ್ದ ಕಲ್ಲು ಇದೇ.

ಆ ಹೆಗಲ ಮೇಲೆ ಮೊದಲೇ ಎಷ್ಟು ಭಾರವಿತ್ತೆಂಬುದನ್ನು ಸರ್ಕಾರದ ಲೆಕ್ಕವೇ ಹೇಳುತ್ತದೆ. ಜನ ಹೊತ್ತನ್ನು ಹೇಗೆ ಕಳೆಯುತ್ತಾರೆಂದು ಕೇಂದ್ರ ಸರ್ಕಾರ 2019ರಲ್ಲಿ ದೇಶದಾದ್ಯಂತ ಸಮೀಕ್ಷೆ ಮಾಡಿಸಿತು. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸು ಅದಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಿದ್ದಳು. ಆ ಕೆಲಸಕ್ಕೆ ಕೈ ಹಾಕುವ ಗಂಡಸು 97 ನಿಮಿಷ ಕೊಡುತ್ತಿದ್ದ. ಅದಕ್ಕೆ ಕೈ ಹಾಕುವ ಗಂಡಸರಾದರೂ ಎಷ್ಟು ಮಂದಿ? ನೂರಕ್ಕೆ ಇಪ್ಪತ್ತಾರು. ಇದು ರೋಗ ಬರುವ ಮುಂಚಿನ ಮಾತು. 2024ರ ಸಮೀಕ್ಷೆಯಲ್ಲಿ ಹೆಂಗಸಿನ ಪಾಲು 289 ನಿಮಿಷ, ಗಂಡಸಿನ ಪಾಲು 88 ನಿಮಿಷ. ಇಷ್ಟು ದೊಡ್ಡ ಆಪತ್ತು ಬಂದು ಹೋದರೂ ತಕ್ಕಡಿ ಕದಲಿಲ್ಲ.

ಇನ್ನು ಉಪಾಧ್ಯಾಯಿನಿಯ ಮನೆಗೆ ಬನ್ನಿ. ಬೇರೆಯವರ ನಲವತ್ತು ಮಕ್ಕಳಿಗೆ ಆಕೆ ಮೊಬೈಲಿನಲ್ಲಿ ಪಾಠ ಹೇಳಬೇಕು. ಅದೇ ಹೊತ್ತಿಗೆ ತನ್ನ ಮಗುವಿಗೂ ಪಾಠ. ಮನೆಯಲ್ಲಿರುವ ಮೊಬೈಲು ಒಂದೇ. ಚಿಕ್ಕ ಮಗು ಸೆರಗು ಹಿಡಿದು ಅಳುತ್ತದೆ, ಒಲೆಯ ಮೇಲೆ ಹಾಲು ಉಕ್ಕುತ್ತದೆ, ಅತ್ತ ಒಬ್ಬ ಪೋಷಕರು "ನಿಮ್ಮ ಮನೆಯ ಗಲಾಟೆಯಲ್ಲಿ ಪಾಠ ಕೇಳಿಸುವುದಿಲ್ಲ" ಎಂದು ದೂರುತ್ತಾರೆ. ಗಂಡಸು ಮೇಷ್ಟ್ರು ಕೋಣೆಯ ಬಾಗಿಲು ಹಾಕಿಕೊಂಡು ಪಾಠ ಮಾಡಿದರೆ ಮಗುವನ್ನು ಹೊರಗೆ ಸುಮ್ಮನಿರಿಸಲು ಅವರ ಮನೆಯಾಕೆ ಇದ್ದರು. ಉಪಾಧ್ಯಾಯಿನಿ ಬಾಗಿಲು ಹಾಕಿಕೊಂಡರೆ ಹೊರಗೆ ಯಾರಿದ್ದರು? ಎರಡು ದೋಣಿಯಲ್ಲಿ ಕಾಲಿಟ್ಟವಳೆಂದು ಆಕೆಯನ್ನು ಆಡಿಕೊಂಡವರುಂಟು. ಆಕೆ ತಾನಾಗಿ ಕಾಲಿಡಲಿಲ್ಲ, ಇಡಿಸಲಾಯಿತು.

ಸರ್ಕಾರಿ ಶಾಲೆಯವರಿಗೆ ಸಂಬಳವಾದರೂ ಬಂತು. ಆದರೆ ಮನೆ ಮನೆಯ ಸಮೀಕ್ಷೆ, ಚೆಕ್‌ಪೋಸ್ಟಿನ ಕಾವಲು ಇತ್ಯಾದಿ ಕೆಲಸಗಳ ಆದೇಶವೂ ಬಂತು. 2020ರ ಡಿಸೆಂಬರ್ 22 ಮತ್ತು 27ರಂದು ಗ್ರಾಮ ಪಂಚಾಯಿತಿ ಚುನಾವಣೆಯೂ ನಡೆಯಿತು. ಶಿಕ್ಷಣ ಹಕ್ಕು ಕಾಯಿದೆಯ 27ನೆಯ ಕಲಮು ಜನಗಣತಿ, ವಿಪತ್ತು ಪರಿಹಾರ, ಚುನಾವಣೆ, ಇವುಗಳಿಗೆ ಉಪಾಧ್ಯಾಯರನ್ನು ಬಳಸಲು ಅವಕಾಶ ಕೊಡುತ್ತದೆ. ಸರಿ, ದೇಶದ ಕಷ್ಟದಲ್ಲಿ ದುಡಿಯಲು ಉಪಾಧ್ಯಾಯರು ಹಿಂದೆಗೆಯಲಿಲ್ಲ. ಆದರೆ ಆದೇಶ ಬರೆದ ಕೈ, ಮನೆಯಲ್ಲಿರುವ ಮೂರು ವರ್ಷದ ಮಗುವನ್ನು ಯಾರ ಬಳಿ ಬಿಟ್ಟು ಬರುತ್ತೀರಿ ಎಂದು ಒಂದು ಸಾಲಾದರೂ ಕೇಳಬೇಕಾಗಿತ್ತಷ್ಟೆ. ಸಂಜೆ ರೋಗದ ಭಯ ಹೊತ್ತು ಮನೆಗೆ ಬಂದ ತಾಯಿ, ಓಡಿ ಬಂದ ಮಗುವನ್ನು ಮುಟ್ಟದೆ ಬಚ್ಚಲಿಗೆ ಹೋಗಬೇಕಾದ ಸಂಕಟ ಯಾವ ವರದಿಯಲ್ಲೂ ಬರಲಿಲ್ಲ.

ಖಾಸಗಿ ಶಾಲೆಯ ಉಪಾಧ್ಯಾಯಿನಿಯದು ಗಾಯದ ಮೇಲೆ ಬರೆ. ಶುಲ್ಕ ಬರಲಿಲ್ಲವೆಂದು ಆಡಳಿತದವರು ಅರ್ಧ ಸಂಬಳ ಕೊಟ್ಟರು, ಕೆಲವೆಡೆ ಅದೂ ಇಲ್ಲ. ಪಾಠ ಹೇಳಿದ ಕೈ ತರಕಾರಿ ಮಾರಿತು, ಹೊಲಿಗೆ ಹಾಕಿತು. 2021ರ ಜೂನ್ ತಿಂಗಳಲ್ಲಿ ರಾಜ್ಯ ಸರ್ಕಾರ ಅನುದಾನರಹಿತ ಶಾಲೆಯವರಿಗೆ ತಲಾ 5,000 ರೂಪಾಯಿ ಪ್ರಕಟಿಸಿತು. ಒಂದು ವರ್ಷಕ್ಕೂ ಮೀರಿದ ಹಸಿವಿಗೆ ಇದು ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಅದೇ ವರ್ಷ ಸರ್ಕಾರದ ಮಹಿಳಾ ನೌಕರರಿಗೆ ಆರು ತಿಂಗಳ ಶಿಶುಪಾಲನಾ ರಜೆ ದೊರೆಯಿತು. ಅದನ್ನು ನಾವು ಸ್ವಾಗತಿಸುತ್ತೇವೆ. ಖಾಸಗಿ ಶಾಲೆಯಾಕೆಗೆ ಅದು ದಕ್ಕಲಿಲ್ಲ. 50 ಮಂದಿಗೆ ಕಡಿಮೆಯಿಲ್ಲದೆ ದುಡಿಯುವಲ್ಲಿ ಶಿಶುಪಾಲನಾ ಕೇಂದ್ರ ಇರಬೇಕೆಂದು 2017ರ ತಿದ್ದುಪಡಿ ಹೇಳಿತು. ಹದಿನೈದು ಮಂದಿಯಿಂದ ನಡೆಯುವ ಊರ ಶಾಲೆ ಆ ಲೆಕ್ಕದಿಂದ ಸಲೀಸಾಗಿ ಜಾರಿಕೊಂಡಿತು.

ಇಷ್ಟಾದರೂ ಉಪಾಧ್ಯಾಯಿನಿಗೆ ಪಾಠ ಹೇಳಲು ಬರುತ್ತಿತ್ತು. ಅಕ್ಷರವೇ ಬಾರದ ಕೂಲಿ ತಾಯಿಯ ಗತಿಯೇನು? ಆಕೆಯನ್ನೂ ಒಂದು ದಿನದಲ್ಲಿ ಉಪಾಧ್ಯಾಯಿನಿ ಮಾಡಿಬಿಟ್ಟರು. ದೇಶದ ಹಳ್ಳಿಗಳಲ್ಲಿ ಇಂಟರ್‌ನೆಟ್ ಇದ್ದ ಮನೆ 2017-18ರಲ್ಲಿ ನೂರಕ್ಕೆ ಸುಮಾರು ಹದಿನೈದು. ಕೂಲಿಗೆ ಹೋಗುವ ಅಪ್ಪನ ಜೇಬಿನಲ್ಲಿ ಮೊಬೈಲು ಹೋದರೆ ಶಾಲೆಯೂ ಅವನ ಜೇಬಿನಲ್ಲೇ ಹೋಯಿತು. ಇದನ್ನು ಕಂಡೇ 2020ರ ಆಗಸ್ಟ್‌ನಲ್ಲಿ ವಿದ್ಯಾಗಮ ಬಂತು. ಉಪಾಧ್ಯಾಯರು ಗುಡಿಯ ಜಗಲಿಯಲ್ಲಿ, ಮರದ ನೆರಳಲ್ಲಿ, ಸಮುದಾಯ ಭವನದಲ್ಲಿ ಇಪ್ಪತ್ತಿಪ್ಪತ್ತು ಮಕ್ಕಳನ್ನು ಕೂಡಿಸಿ ವಠಾರ ಶಾಲೆ ನಡೆಸಿದರು. ಕಂಪನಿಗಳ ಯಂತ್ರ ಮಾಡಲಾಗದ್ದನ್ನು ಊರಿನ ಜಗಲಿ ಮಾಡಿತು. ಆದರೆ ಪಾಠ ಹೇಳುವವರಿಗೂ ಮಕ್ಕಳಿಗೂ ತಕ್ಕ ರಕ್ಷಣೆ ಇರಲಿಲ್ಲ. ಸೋಂಕಿನ ಸುದ್ದಿಗಳು ಬಂದವು. ಅಕ್ಟೋಬರ್‌ನಲ್ಲಿ ವಿದ್ಯಾಗಮ ನಿಂತಿತು. ಯೋಚನೆ ಕೆಟ್ಟದ್ದಾಗಿರಲಿಲ್ಲ. ಅದರ ಹಿಂದೆ ಸಿದ್ಧತೆ ಇರಲಿಲ್ಲ.

ಇದರ ಬೆಲೆಯನ್ನು ಮಕ್ಕಳು ತೆತ್ತರು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದವರು ಕರ್ನಾಟಕವೂ ಸೇರಿ ಐದು ರಾಜ್ಯಗಳಲ್ಲಿ 16,067 ಸರ್ಕಾರಿ ಶಾಲಾ ಮಕ್ಕಳನ್ನು ಪರೀಕ್ಷಿಸಿ 2021ರಲ್ಲಿ ವರದಿ ಕೊಟ್ಟರು. ಹಿಂದಿನ ವರ್ಷ ಬರುತ್ತಿದ್ದ ಭಾಷೆಯ ಒಂದು ಸಾಮರ್ಥ್ಯವನ್ನಾದರೂ ಕಳೆದುಕೊಂಡ ಮಕ್ಕಳು ನೂರಕ್ಕೆ 92. ಲೆಕ್ಕದಲ್ಲಿ ನೂರಕ್ಕೆ 82. ತಾಯಿಗೆ ಬಿಡುವಿಲ್ಲದ, ಉಪಾಧ್ಯಾಯಿನಿಗೆ ಆಸರೆಯಿಲ್ಲದ ವ್ಯವಸ್ಥೆ ಬಡವರ ಮಕ್ಕಳ ಬಾಯಿಂದ ಅಕ್ಷರವನ್ನೇ ಕಿತ್ತುಕೊಂಡಿತು.

ಇಂಥ ಸಂದರ್ಭದಲ್ಲಿ ನಮ್ಮ ದೊಡ್ಡವರು ಏನು ಮಾಡುತ್ತಾರೆ? "ತಾಯಿ ದೇವರು, ಗುರು ದೇವರು" ಎಂದು ಹೊಗಳಿ, ಶಾಲು ಹೊದಿಸಿ, ಕೈ ಮುಗಿಯುತ್ತಾರೆ. ಹೊಟ್ಟೆಗೆ ಹಿಟ್ಟಿಲ್ಲದವಳ ಜುಟ್ಟಿಗೆ ಮಲ್ಲಿಗೆ ಹೂವು! ಸಾವಿತ್ರಿಬಾಯಿ ಫುಲೆಯವರ ಹೆಸರನ್ನೂ ಹೀಗೆಯೇ ಬಳಸುತ್ತಾರೆ. ಆಕೆ ಪ್ಲೇಗಿನ ರೋಗಿಗಳ ಸೇವೆ ಮಾಡುತ್ತಾ 1897ರ ಮಾರ್ಚ್ 10ರಂದು ಪುಣೆಯಲ್ಲಿ ಅದೇ ರೋಗಕ್ಕೆ ಬಲಿಯಾದರು; ನಮ್ಮ ದೇಶ ಎಂದೂ ಮರೆಯಬಾರದ ಸಾವು ಅದು. ಆದರೆ ಆಕೆಯ ಬಾಳಿನ ಪಾಠ ಬರೀ ತ್ಯಾಗವಲ್ಲ. 1848ರಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದ ಫುಲೆ ದಂಪತಿಗಳು 1863ರಲ್ಲಿ ನಿರಾಶ್ರಿತ ವಿಧವೆಯರಿಗೂ ಅವರ ಕೂಸುಗಳಿಗೂ ಒಂದು ಮನೆ ತೆರೆದರು. ಶಾಲೆಯೂ ತೊಟ್ಟಿಲೂ ಎರಡೂ ಸಮಾಜದ ಹೊಣೆಯೆಂದು ನಡೆದು ತೋರಿಸಿದರು. ಡಾಕ್ಟರ್ ಲೋಹಿಯಾ ಅವರು ತಮ್ಮ ಸಪ್ತಕ್ರಾಂತಿಯಲ್ಲಿ ಹೆಣ್ಣು ಗಂಡಿನ ಸಮಾನತೆಯನ್ನು ಸೇರಿಸಿದ್ದೂ, ಅಡಿಗೆ ಮನೆಯ ಹೊಗೆ, ಕುಡಿಯುವ ನೀರು, ಕಕ್ಕಸು ಇವೆಲ್ಲ ರಾಜಕೀಯವೆಂದು ಮಾತಾಡಿದ್ದೂ ಇದೇ ದಾರಿಯಲ್ಲಿ.

ಹಾಗಾದರೆ ನಾವು ಕೇಳುವುದೇನು?

ಮೊದಲನೆಯದು, ಅಂಗನವಾಡಿ ದುಡಿಯುವ ತಾಯಿಯ ಹೊತ್ತಿಗೆ ಸರಿಯಾಗಿ ದಿನವಿಡೀ ನಡೆಯಬೇಕು. 2023ರ ಬಜೆಟ್ಟಿನಲ್ಲಿ ಉದ್ಯೋಗ ಖಾತ್ರಿ ಕೂಲಿಕಾರರ ಮಕ್ಕಳಿಗಾಗಿ 4,000 ಪಂಚಾಯಿತಿಗಳಲ್ಲಿ ಕೂಸಿನ ಮನೆ ಪ್ರಕಟವಾಯಿತು. ಅದು ಪ್ರತಿ ಊರಿಗೂ, ಪ್ರತಿ ದುಡಿಯುವ ತಾಯಿಗೂ ಬೇಕು. ಅಲ್ಲಿ ದುಡಿಯುವ ಸೋದರಿಯರಿಗೆ ಗೌರವಧನದ ಮಾತು ಬಿಟ್ಟು ಸಂಬಳ ಕೊಡಬೇಕು, ಅವರೂ ತಾಯಂದಿರೇ.

ಎರಡನೆಯದು, ರೋಗದ ಕಾಲದಲ್ಲಿ ಕರ್ತವ್ಯಕ್ಕೆ ಕರೆದವರ ಮಕ್ಕಳನ್ನು ನೋಡಿಕೊಳ್ಳುವ ಹೊಣೆ ಕರೆದವರದೇ ಆಗಬೇಕು. ಇದು ಆಗದ ಮಾತಲ್ಲ. 2020ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಶಾಲೆಗಳು ಮುಚ್ಚಿದಾಗಲೂ ವೈದ್ಯರು, ದಾದಿಯರು, ಉಪಾಧ್ಯಾಯರು ಮುಂತಾದವರ ಮಕ್ಕಳಿಗೆ ಬಾಗಿಲು ತೆರೆದಿತ್ತು. ಗಂಡ ಹೆಂಡತಿ ಇಬ್ಬರೂ ನೌಕರರಾದರೆ ಇಬ್ಬರನ್ನೂ ಒಂದೇ ಹೊತ್ತಿಗೆ ಕರೆಯಬಾರದು.

ಮೂರನೆಯದು, ಶಾಲೆ ಮುಚ್ಚಿದರೂ ಖಾಸಗಿ ಶಾಲೆಯವರ ಸಂಬಳ ನಿಲ್ಲದಂತೆ ಕಾನೂನು ಬೇಕು.

ನಾಲ್ಕನೆಯದು, ವಠಾರ ಶಾಲೆಯ ಯೋಜನೆ ಈಗಲೇ ಸಿದ್ಧವಾಗಿರಬೇಕು. ಯಾವ ಜಗಲಿ, ಯಾವ ಮಕ್ಕಳು, ಕೈ ತೊಳೆಯುವ ನೀರೆಲ್ಲಿ, ಬಿಸಿಯೂಟ ಎಲ್ಲಿಂದ ಎಂಬುದೆಲ್ಲ ಪಂಚಾಯಿತಿಯ ಕಡತದಲ್ಲಿರಬೇಕು. ಶಾಲೆ ಮುಚ್ಚುವುದಾದರೆ ಎಲ್ಲಕ್ಕೂ ಕೊನೆಗೆ, ತೆರೆಯುವುದಾದರೆ ಎಲ್ಲಕ್ಕೂ ಮೊದಲು. ಅದರಲ್ಲೂ ಚಿಕ್ಕವರು ಮೊದಲು.

ಐದನೆಯದನ್ನು ಸರ್ಕಾರಕ್ಕಲ್ಲ, ಈ ಸಭೆಯ ಗಂಡಸರಿಗೆ ಹೇಳುತ್ತಿದ್ದೇವೆ. ಮಗು ಇಬ್ಬರದು, ಮುಸುರೆಯೂ ಇಬ್ಬರದು. ಸಭೆಯಲ್ಲಿ ಸಮಾನತೆಯ ಭಾಷಣ ಕೇಳಿ ಮನೆಗೆ ಹೋಗಿ ತಟ್ಟೆ ಇಟ್ಟು ಕೈ ತೊಳೆದುಕೊಳ್ಳುವುದು ಸಮಾಜವಾದವಲ್ಲ.

ಇದಕ್ಕೆಲ್ಲ ಹಣವೆಲ್ಲಿದೆ ಎಂದು ಕೇಳುತ್ತಾರೆ. ಹಣ ಈಗಲೂ ಖರ್ಚಾಗುತ್ತಲೇ ಇದೆ. ಹೆಂಗಸಿನ ದಿನದಿಂದ ಐದು ಗಂಟೆ, ಬಡ ಮಗುವಿನ ಬಾಳಿನಿಂದ ಎರಡು ವರ್ಷ. ಅದು ಬಜೆಟ್ಟಿನ ಪುಸ್ತಕದಲ್ಲಿ ಕಾಣುವುದಿಲ್ಲ, ಅಷ್ಟೇ. ಕಾಣುವಂತೆ ಮಾಡುವುದು ನಮ್ಮ ಕೆಲಸ.

ಮುಂದಿನ ಗ್ರಾಮಸಭೆಗೆ ಎಲ್ಲರೂ ಹೋಗಿ. ದಿನವಿಡೀ ನಡೆಯುವ ಅಂಗನವಾಡಿ ಮತ್ತು ವಠಾರ ಶಾಲೆಯ ಸಿದ್ಧತೆ, ಇವೆರಡನ್ನು ಠರಾವಿನಲ್ಲಿ ಬರೆಯಿಸಿ, ಓದಿಸಿ, ಸಹಿ ಹಾಕಿಸಿ, ನಕಲು ತನ್ನಿ. ಕೊಡದಿದ್ದರೆ ಅಲ್ಲೇ ಕೂತುಕೊಳ್ಳಿ. ಮಕ್ಕಳನ್ನೂ ಕರೆದುಕೊಂಡೇ ಹೋಗಿ. ಮಗುವನ್ನು ಎಲ್ಲಿ ಬಿಡುವುದೆಂಬ ಪ್ರಶ್ನೆ ಆ ಸಭೆಗೂ ಒಂದು ದಿನ ತಟ್ಟಲಿ.