ಓಡದ ಕಾರಿಗೂ ಬೆಲೆ ಇದೆ, ಲೆಕ್ಕ ಹಾಕಿ ಮಾರಿ

ನಾನು ಬಿ.ಕಾಂ. ಓದಿದವನು, ಇಲ್ಲಿ ಶಾರ್ಜಾದಲ್ಲಿ ಅಕೌಂಟೆಂಟ್. ಎಂಜಿನ್ ಬಗ್ಗೆ ನನಗಿಂತ ನಿಮ್ಮಲ್ಲಿ ಹಲವರಿಗೆ ಹೆಚ್ಚು ಗೊತ್ತು. ನಾನು ಹೇಳಲು ಬಂದದ್ದು ಕಾರಿನ ಲೆಕ್ಕ.

ರೂಮಿನ ಕೆಳಗೆ ಮರಳಿನ ಪಾರ್ಕಿಂಗಲ್ಲಿ ಧೂಳು ಹಿಡಿದು ನಿಂತ ಕಾರುಗಳನ್ನು ನೀವು ದಿನಾ ನೋಡ್ತೀರಿ. ಅದರಲ್ಲಿ ಒಂದು ನಿಮ್ಮದೇ ಇರಬಹುದು. ‘ಸ್ಟಾರ್ಟ್ ಆಗೋದಿಲ್ಲ, ಊರಿಗೆ ಹೋಗುವಾಗ ಗುಜರಿಗೆ ಕೊಟ್ಟರಾಯ್ತು’ ಅಂತ ಬಿಟ್ಟಿರ್ತೀರಿ. ಆದರೆ ಕಾರು ನಿಂತರೂ ಅದರ ಖರ್ಚು ನಿಲ್ಲುವುದಿಲ್ಲ. ರಿಜಿಸ್ಟ್ರೇಷನ್ ಅವಧಿ ಮುಗಿಯುತ್ತದೆ. ಧೂಳು ಹಿಡಿದು ಬಿದ್ದ ಗಾಡಿಗೆ ಮುನ್ಸಿಪಾಲಿಟಿಯವರು ನೋಟಿಸ್ ಅಂಟಿಸುತ್ತಾರೆ, ಆಮೇಲೆ ಎತ್ತಿಕೊಂಡು ಹೋಗ್ತಾರೆ. ಬಿಸಿಲಿಗೆ ಟೈರು, ರಬ್ಬರು, ಬ್ಯಾಟರಿ ಎಲ್ಲ ಹಾಳಾಗುತ್ತದೆ. ಹಾಗಾಗಿ ಮಾರುವುದೇ ಆದರೆ ಇವತ್ತೇ ಶುರು ಮಾಡಿ. ವೀಸಾ ಕ್ಯಾನ್ಸಲ್ ಆಗಿ ಟಿಕೆಟ್ ಕೈಯಲ್ಲಿ ಹಿಡಿದು ಮಾರಲು ಹೋದರೆ ಕೊಳ್ಳುವವನಿಗೆ ನಿಮ್ಮ ಅವಸರ ಗೊತ್ತಾಗಿಬಿಡ್ತದೆ. ಕಡಿಮೆಪಕ್ಷ ಎರಡು ತಿಂಗಳು ಕೈಯಲ್ಲಿರಲಿ.

ಮೊದಲನೆಯದು, ಕಾರು ಯಾಕೆ ನಿಂತಿದೆ ಅಂತ ತಿಳಿದುಕೊಳ್ಳಿ. ಇಲ್ಲಿನ ಸೆಕೆಗೆ ಬ್ಯಾಟರಿ ಊರಿನಷ್ಟು ಬಾಳಿಕೆ ಬರುವುದಿಲ್ಲ. ಬ್ಯಾಟರಿ, ಸ್ಟಾರ್ಟರ್, ಫ್ಯುಯೆಲ್ ಪಂಪ್ ಹೋದರೂ ಕಾರು ಸ್ಟಾರ್ಟ್ ಆಗುವುದಿಲ್ಲ, ಎಂಜಿನ್ ಬಿಸಿಯಾಗಿ ಜಾಮ್ ಆದರೂ ಆಗುವುದಿಲ್ಲ. ಎರಡರ ಬೆಲೆಯಲ್ಲಿ ಅಜಗಜಾಂತರ. ಕೊಳ್ಳಲು ಬಂದವನು ‘ಎಂಜಿನ್ ಹೋಗಿದೆ’ ಅಂತಲೇ ಹೇಳ್ತಾನೆ. ನಿಮ್ಮ ಕಾರು ಕೊಳ್ಳುವ ಆಸೆ ಇಲ್ಲದ ಒಬ್ಬ ಮೆಕ್ಯಾನಿಕ್‌ಗೆ ಸ್ವಲ್ಪ ಹಣ ಕೊಟ್ಟು ತೋರಿಸಿ, ರಿಪೇರಿಗೆ ಎಷ್ಟಾಗುತ್ತದೆ ಅಂತ ಚೀಟಿಯಲ್ಲಿ ಬರೆಸಿಕೊಳ್ಳಿ.

ಎರಡನೆಯದು, ರಿಪೇರಿ ಮಾಡಿ ಮಾರಬೇಕಾ, ಹಾಗೇ ಕೊಡಬೇಕಾ? ಒಂದು ಉದಾಹರಣೆ ಹೇಳ್ತೇನೆ, ಅಂಕಿ ನಿಮ್ಮ ಕಾರಿನದ್ದು ಹಾಕಿಕೊಳ್ಳಿ. ಓಡುವ ಸ್ಥಿತಿಯಲ್ಲಿ 9,000 ದಿರ್ಹಂ ಬರುತ್ತದೆ, ನಿಂತ ಸ್ಥಿತಿಯಲ್ಲಿ 3,500 ಅಂತಿಟ್ಟುಕೊಳ್ಳಿ. ವ್ಯತ್ಯಾಸ 5,500. ಎಂಜಿನ್ ಕೆಲಸಕ್ಕೆ 4,000, ಇನ್ಶೂರೆನ್ಸ್‌ಗೆ 900, ಪಾಸಿಂಗ್ ಮತ್ತು ರಿಜಿಸ್ಟ್ರೇಷನ್‌ಗೆ 500, ಒಟ್ಟು 5,400. ಉಳಿಯೋದು 100 ದಿರ್ಹಂ. ಅಷ್ಟಕ್ಕೆ ಒಂದು ತಿಂಗಳು ಗ್ಯಾರೇಜ್ ಸುತ್ತಬೇಕಾ? ಹಾಗೇ ಮಾರಿ. ಅದೇ ಕಾರಿಗೆ ಬರೀ ಫ್ಯುಯೆಲ್ ಪಂಪ್ ಹೋಗಿ 800 ಸಾಕು ಅಂದರೆ ಒಟ್ಟು ಖರ್ಚು 2,200, ಕೈಗೆ ಬರುವ ಲಾಭ 3,300. ಆಗ ರಿಪೇರಿ ಮಾಡಿಸಿಯೇ ಮಾರಿ. ಬಾಕಿ ದಂಡವನ್ನು ಈ ಲೆಕ್ಕಕ್ಕೆ ಸೇರಿಸಬೇಡಿ, ಅದನ್ನು ಹೇಗೆ ಮಾರಿದರೂ ಕಟ್ಟಲೇಬೇಕು.

ಮೂರನೆಯದು, ಗುಜರಿಯವನು ಏನನ್ನು ಕೊಳ್ಳುತ್ತಾನೆ ಅಂತ ತಿಳಿಯಿರಿ. ಸಣ್ಣ ಸೆಡಾನ್ ಕಾರು ಸುಮಾರು 1,000ದಿಂದ 1,300 ಕಿಲೋ ತೂಗುತ್ತದೆ. ಬರೀ ಕಬ್ಬಿಣದ ತೂಕಕ್ಕೆ ಬರುವ ದುಡ್ಡು ನಿಮ್ಮ ತಳದ ಬೆಲೆ, ಅದಕ್ಕಿಂತ ಕೆಳಗೆ ಇಳಿಯಲೇಬೇಡಿ. ಕಿಲೋಗೆ ಎಷ್ಟು ಅಂತ ನೇರವಾಗಿ ಕೇಳಿ. ಅದರ ಮೇಲೆ ಬಿಡಿಭಾಗಗಳ ಬೆಲೆ ಇದೆ: ಗೇರ್‌ಬಾಕ್ಸ್, ಎಸಿ ಕಂಪ್ರೆಸರ್, ಅಲಾಯ್ ವೀಲ್, ಬಾಗಿಲು, ಲೈಟು, ಕಂಪ್ಯೂಟರ್ ಬಾಕ್ಸ್. ಹೊಗೆ ಕೊಳವೆಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಅನ್ನುವ ದುಬಾರಿ ಲೋಹಗಳಿವೆ. ‘ಸ್ವಲ್ಪ ಬಿಚ್ಚಿ ನೋಡ್ತೇನೆ’ ಅಂದವನಿಗೆ ಕಾರಿನ ಕೀ ಕೊಟ್ಟು ಬರಬೇಡಿ ಮಾರಾಯ್ರೆ. ನೀವೂ ಬ್ಯಾಟರಿ, ಮ್ಯೂಸಿಕ್ ಸಿಸ್ಟಂ ಕಿತ್ತು ಬೇರೆ ಮಾರಲು ಹೋಗಬೇಡಿ. ಅದರಲ್ಲಿ ಸಿಗುವುದಕ್ಕಿಂತ ಹೆಚ್ಚನ್ನು ಇಡೀ ಕಾರಿನ ಬೆಲೆಯಲ್ಲಿ ಇಳಿಸ್ತಾರೆ.

ನಾಲ್ಕನೆಯದು, ಒಬ್ಬನನ್ನೇ ಕೇಳಬೇಡಿ. ಶಾರ್ಜಾ ಇಂಡಸ್ಟ್ರಿಯಲ್ ಏರಿಯಾದಲ್ಲಿ ಹಳೆ ಬಿಡಿಭಾಗದ ಅಂಗಡಿಗಳ ಸಾಲೇ ಇದೆ. ದುಬೈಯ ರಾಸ್ ಅಲ್ ಖೋರ್ ಕಡೆ ಹಳೆ ಕಾರಿನ ಮಾರುಕಟ್ಟೆ ಇದೆ. ಹೊರದೇಶಕ್ಕೆ ಕಳಿಸುವವರು ಇದ್ದಾರೆ, ಕೊಂಡು ರಿಪೇರಿ ಮಾಡಿ ಮಾರುವ ಗ್ಯಾರೇಜಿನವರೂ ಇದ್ದಾರೆ. ಕಡಿಮೆ ಅಂದರೆ ನಾಲ್ಕು ಕಡೆ ಕೇಳಿ. ಹಗಲು ಬೆಳಕಲ್ಲಿ ಫೋಟೋ ತೆಗೆದು, ಮಾಡೆಲ್ ವರ್ಷ, ಓಡಿದ ಕಿಲೋಮೀಟರ್, ಏನು ಕೆಟ್ಟಿದೆ ಎಲ್ಲ ಸತ್ಯವಾಗಿ ಬರೆದು ಎಲ್ಲರಿಗೂ ಒಂದೇ ಮೆಸೇಜ್ ಕಳಿಸಿ. ದೋಷ ಮುಚ್ಚಿಟ್ಟರೆ ಗಾಡಿ ಎತ್ತಲು ಬಂದ ದಿನ ಬೆಲೆ ಬೀಳುತ್ತದೆ. ರಿಕವರಿ ಗಾಡಿಯ ಖರ್ಚು ಯಾರದು ಅನ್ನುವುದನ್ನು ಫೋನಲ್ಲೇ ತೀರ್ಮಾನಿಸಿ. 3,600 ಹೇಳಿ ರಿಕವರಿಗೆ 300 ಹಿಡಿಯುವವನಿಗಿಂತ, 3,400 ಹೇಳಿ ತಾನೇ ಎತ್ತಿಕೊಂಡು ಹೋಗುವವನೇ ವಾಸಿ.

ಇನ್ನು ಐದನೆಯದು. ಎಲ್ಲಕ್ಕಿಂತ ದೊಡ್ಡದು ಇದೇ. ಕಾರಿನ ಜೊತೆ ನಿಮ್ಮ ಹೆಸರನ್ನು ಮಾರಬೇಡಿ. ಇಲ್ಲಿ ಮುಲ್ಕಿಯಾ ಅಂದರೆ, ಮಂಗಳೂರಿನ ಹತ್ತಿರದ ನಮ್ಮ ಮುಲ್ಕಿ ಅಲ್ಲ, ಕಾರಿನ ಒಡೆತನದ ಕಾರ್ಡು. ಅದರಲ್ಲಿ ಯಾರ ಹೆಸರಿದೆಯೋ ದಂಡ, ಟೋಲು, ಪೊಲೀಸ್ ಕೇಸು ಎಲ್ಲ ಅವರ ಬಾಗಿಲಿಗೇ ಬರುವುದು. ನನ್ನ ಹತ್ತಿರ ಸಲಹೆಗೆ ಬಂದ ಕುಂದಾಪುರ ಕಡೆಯ ಒಬ್ಬ ಡ್ರೈವರ್ ಅಣ್ಣ 1,500 ದಿರ್ಹಂ ತಗೊಂಡು, ಕೈಬರಹದ ಚೀಟಿ ಬರೆಸಿಕೊಂಡು, ಕಾರು ಕೊಟ್ಟು ಊರಿಗೆ ಹೋಗಿದ್ದರು. ಕೊಂಡವನು ಅದನ್ನು ರಿಪೇರಿ ಮಾಡಿಸಿ ಅದೇ ನಂಬರ್ ಪ್ಲೇಟಲ್ಲಿ ಓಡಿಸಿದ. ಅಣ್ಣ ಹೊಸ ಕೆಲಸ ಹಿಡಿದು ವಾಪಸ್ ಬಂದಾಗ ಅವರ ಹೆಸರಲ್ಲಿ ಕಾರು ಮಾರಿದ ದುಡ್ಡಿಗಿಂತ ಹೆಚ್ಚು ದಂಡ ಕೂತಿತ್ತು. ಆ ಚೀಟಿ ಯಾರ ಮುಂದೆ ಇಟ್ಟರೂ ಬೆಲೆ ಇರಲಿಲ್ಲ.

ಹಾಗಾಗಿ ಕ್ರಮ ಹೀಗಿರಲಿ. ಬ್ಯಾಂಕಿನ ಸಾಲ ಇದ್ದರೆ ಮೊದಲು ತೀರಿಸಿ ಅಡಮಾನ ಬಿಡಿಸಿಕೊಳ್ಳಿ. ಸಾಲ ಇರುವ ತನಕ ಕಾರು ವರ್ಗ ಆಗುವುದಿಲ್ಲ. ದಂಡ ಎಷ್ಟಿದೆ ಅಂತ ಪೊಲೀಸ್ ಆ್ಯಪಲ್ಲಿ ನೋಡಿ. ಕೆಲವೊಮ್ಮೆ ದಂಡಕ್ಕೆ ರಿಯಾಯಿತಿ ಕೊಡ್ತಾರೆ, ಅದನ್ನೂ ವಿಚಾರಿಸಿ ಕಟ್ಟಿ. ಹಳೆ ಕಾರಿನ ಒಡೆತನ ವರ್ಗ ಆಗಬೇಕಾದರೆ ಪಾಸಿಂಗ್ ಆಗಬೇಕು. ಓಡದ ಕಾರು ಪಾಸ್ ಆಗುವುದಿಲ್ಲವಲ್ಲ? ಅಂಥದಕ್ಕೆ ಪ್ಲೇಟು ಒಪ್ಪಿಸಿ ರಿಜಿಸ್ಟ್ರೇಷನ್ ಕ್ಯಾನ್ಸಲ್ ಮಾಡಿಸುವ, ಗುಜರಿಗೆ ಅಥವಾ ರಫ್ತಿಗೆ ಪತ್ರ ಪಡೆಯುವ ದಾರಿ ಇದೆ. ಕಾರು ರಿಜಿಸ್ಟರ್ ಆದ ಎಮಿರೇಟಿನ ಟ್ರಾಫಿಕ್ ಕಚೇರಿಯಲ್ಲಿ ಕೇಳಿ. ದುಬೈ ಆದರೆ ಆರ್‌ಟಿಎ. ಕೊಳ್ಳುವವನನ್ನು ಜೊತೆಗೆ ಕರೆದುಕೊಂಡು ಹೋಗಿ. ‘ಎಲ್ಲ ನಾನೇ ಮಾಡ್ತೇನೆ, ಪ್ಲೇಟು ಕಾರಲ್ಲೇ ಇರಲಿ’ ಅನ್ನುವವನು 500 ದಿರ್ಹಂ ಜಾಸ್ತಿ ಕೊಟ್ಟರೂ ಬೇಡ.

ಹಣವನ್ನು ನಗದಾಗಿ ಅಥವಾ ಬ್ಯಾಂಕ್ ಮೂಲಕ ಅದೇ ದಿನ ಪಡೆಯಿರಿ, ಮುಂದಿನ ತಾರೀಖಿನ ಚೆಕ್ ಬೇಡ. ಕೆಲಸ ಮುಗಿಯುವ ಮೊದಲು ಊರಿಗೆ ಹೋಗಲೇಬೇಕು ಅಂದರೆ ನೋಟರಿ ಮಾಡಿಸಿದ ಅಧಿಕಾರ ಪತ್ರವನ್ನು ನಂಬಿಗಸ್ಥ ಸ್ನೇಹಿತರಿಗೆ ಕೊಡಿ, ಕೊಳ್ಳುವವನಿಗೇ ಕೊಡಬೇಡಿ.

ಕೊನೆಗೆ ಎರಡು ಸಣ್ಣ ಕೆಲಸ. ಸಾಲಿಕ್ ಟ್ಯಾಗ್ ಕಿತ್ತು, ನಿಮ್ಮ ಖಾತೆಯಿಂದ ಆ ಗಾಡಿಯ ನಂಬರ್ ತೆಗೆಸಿ. ಇನ್ಶೂರೆನ್ಸ್ ಅವಧಿ ಬಾಕಿ ಇದ್ದು ಕ್ಲೇಮ್ ಮಾಡಿರದಿದ್ದರೆ, ಕ್ಯಾನ್ಸಲ್ ಪತ್ರ ತೋರಿಸಿ ಉಳಿದದ್ದರಲ್ಲಿ ಎಷ್ಟು ವಾಪಸ್ ಬರುತ್ತದೆ ಅಂತ ಕಂಪನಿಯನ್ನು ಕೇಳಿ. ಇದನ್ನು ಕೇಳುವವರೇ ಕಡಿಮೆ, ಅದೂ ನಿಮ್ಮ ದುಡ್ಡೇ.

ದಂಡ ಕಟ್ಟಿದ ರಶೀದಿ, ಕ್ಯಾನ್ಸಲ್ ಪತ್ರ, ಕೊಂಡವನ ಎಮಿರೇಟ್ಸ್ ಐಡಿ ಪ್ರತಿ, ಈ ಮೂರನ್ನು ಫೋಟೋ ತೆಗೆದು ಮನೆಯವರಿಗೂ ಕಳಿಸಿಡಿ. ನಿಂತ ಕಾರು ಇರುವವರು ಮುಲ್ಕಿಯಾ ಮತ್ತು ಮೆಕ್ಯಾನಿಕ್ ಬರೆದ ಚೀಟಿ ತನ್ನಿ, ಕೂತು ಲೆಕ್ಕ ಹಾಕೋಣ. ಅಕ್ಕಂದಿರೂ ಬನ್ನಿ, ಕಾರು ಗಂಡನ ಹೆಸರಲ್ಲಿದ್ದರೂ ಲೆಕ್ಕ ಇಬ್ಬರಿಗೂ ಗೊತ್ತಿರಲಿ.