ಸುಟ್ಟ ಹಾಳೆಗಳ ಮುಂದೆ

ನಮ್ಮ ನುಡಿಯಲ್ಲಿ ‘ತಾಳು’ ಎಂಬ ಧಾತುವಿಗೆ ಎರಡು ಅರ್ಥಗಳು ಬಳಕೆಯಲ್ಲಿವೆ. ಹೊರೆಯನ್ನು ಸಹಿಸಿ ನಿಲ್ಲುವುದು ಒಂದು, ಕಾಯುವುದು ಇನ್ನೊಂದು. ‘ತಾಳಿದವನು ಬಾಳಿಯಾನು’ ಎಂಬ ಗಾದೆಯಲ್ಲಿ ಇವೆರಡೂ ಕೂಡಿಕೊಂಡಿವೆ. ಬೈಬಲಿನ ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ‘ಹುಪೊಮೊನೆ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಭಾರದ ಅಡಿಯಲ್ಲಿಯೇ ಉಳಿಯುವುದು, ಬಿಟ್ಟೋಡದಿರುವುದು ಎಂಬುದು ಅದರ ಮೂಲಾರ್ಥ. ಕ್ರೈಸ್ತ ಜೀವನದಲ್ಲಿ ಈ ಗುಣಕ್ಕಿರುವ ಸ್ಥಾನವನ್ನು ತಿಳಿಯಲು ಒಂದು ಘಟನೆಯನ್ನು ತಮ್ಮ ಮುಂದಿಡುತ್ತೇನೆ.

1812ನೆಯ ಇಸವಿ ಮಾರ್ಚ್ 11ರ ಸಂಜೆ ಬಂಗಾಳದ ಸೆರಾಂಪುರದ ಮಿಷನ್ ಮುದ್ರಣಾಲಯಕ್ಕೆ ಬೆಂಕಿ ಬಿತ್ತು. ವಿಲಿಯಂ ಕೇರಿ ಆಗ ಕಲ್ಕತ್ತೆಯಲ್ಲಿದ್ದರು. ಅಲ್ಲಿನ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಅವರು ಅಧ್ಯಾಪಕರು. ಮರುದಿನ ಸಹೋದ್ಯೋಗಿ ಮಾರ್ಷ್‌ಮನ್ ಸುದ್ದಿ ತಂದರು. ಕಾಗದ, ಅಚ್ಚುಮೊಳೆಗಳು ಹೋದುದು ಹಣದ ನಷ್ಟ. ಆದರೆ ವರ್ಷಗಟ್ಟಲೆ ಕುಳಿತು ಬರೆದ ಹಸ್ತಪ್ರತಿಗಳೂ ಬೂದಿಯಾಗಿದ್ದುವು. ಬಹುಭಾಷಾ ನಿಘಂಟಿನ ದೊಡ್ಡ ಸಂಪುಟಗಳು, ತೆಲುಗು ವ್ಯಾಕರಣ, ಜೊತೆಗೆ ಹೊಸ ಒಡಂಬಡಿಕೆಯ ಕನ್ನಡ ಅನುವಾದ!

ಈ ಮನುಷ್ಯ ಕಷ್ಟವನ್ನು ಅಂದೇ ಮೊದಲು ಕಂಡವರಲ್ಲ. 1761ರಲ್ಲಿ ಇಂಗ್ಲೆಂಡಿನ ಒಂದು ಹಳ್ಳಿಯಲ್ಲಿ ನೇಕಾರನ ಮಗನಾಗಿ ಹುಟ್ಟಿ, ಚಮ್ಮಾರಿಕೆ ಮಾಡುತ್ತ ಹಲವು ಭಾಷೆಗಳನ್ನು ಕಲಿತವರು ಅವರು. 1793ರಲ್ಲಿ ಬಂಗಾಳಕ್ಕೆ ಬಂದರು. ಮರುವರ್ಷವೇ ಐದು ವರ್ಷದ ಮಗ ತೀರಿಕೊಂಡ. ಹೊಟ್ಟೆಪಾಡಿಗೆ ನೀಲಿ ತಯಾರಿಕೆಯ ಕಾರ್ಖಾನೆಯ ಮೇಲ್ವಿಚಾರಣೆ. ಬಂದು ಏಳು ವರ್ಷ ಕಳೆದ ಮೇಲೆ, 1800ರ ಡಿಸೆಂಬರಿನಲ್ಲಿ, ಕೃಷ್ಣಪಾಲನೆಂಬ ಬಡಗಿ ದೀಕ್ಷಾಸ್ನಾನ ಪಡೆದ. ಅಲ್ಲಿಯವರೆಗೆ ಕೇರಿಯವರ ಬೋಧನೆಗೆ ಒಬ್ಬ ಬಂಗಾಳಿಯೂ ದೀಕ್ಷೆ ಪಡೆದಿರಲಿಲ್ಲ.

ಬೆಂಕಿ ಆರಿದ ಬಳಿಕ ಬೂದಿಯನ್ನು ಕೆದಕಿದಾಗ ಅಕ್ಷರಗಳ ಉಕ್ಕಿನ ಅಚ್ಚುಗಳು ಕೆಡದೆ ಉಳಿದಿದ್ದುವು. ಕರಗಿ ಗಟ್ಟಿಯಾಗಿದ್ದ ಸೀಸವನ್ನು ಮತ್ತೆ ಕಾಯಿಸಿ ಮೊಳೆಗಳನ್ನು ಎರಕ ಹೊಯ್ದರು. ಮುದ್ರಣದ ಕೆಲಸ ಬೇಗನೆ ಮೊದಲಾಯಿತು. ಹಸ್ತಪ್ರತಿಗಳನ್ನಾದರೋ ಎರಕ ಹೊಯ್ಯುವಂತಿರಲಿಲ್ಲ. ಮೊದಲ ಸಾಲಿನಿಂದ ಬರೆಯಬೇಕಾಗಿತ್ತು. ಒಮ್ಮೆ ನಡೆದ ದಾರಿಯಲ್ಲಿ ಎರಡನೆಯ ನಡಿಗೆ ಸುಲಭವಾದೀತೆಂಬ ಭಾವದಿಂದ ಕೇರಿ ಕುಳಿತರು. 1814ರಲ್ಲಿ ತೆಲುಗು ವ್ಯಾಕರಣ ಹೊರಬಂತು. 1817ರಲ್ಲಿ, ಅದೇ ಸೆರಾಂಪುರದಿಂದ, ಇಂಗ್ಲಿಷಿನಲ್ಲಿ ಬರೆದ ಕನ್ನಡ ವ್ಯಾಕರಣವೂ ಬಂತು. ಬಂಗಾಳದಲ್ಲಿಯೇ ಬಾಳಿ, 1834ರಲ್ಲಿ ಅಲ್ಲಿಯೇ ಮಡಿದವರಿಂದ ನಮ್ಮ ನುಡಿಗೆ ಸಂದ ಸೇವೆಯಿದು.

ಇದನ್ನು ಛಲವೆನ್ನೋಣವೇ? ಛಲದ ಹಿರಿಮೆ ಕನ್ನಡಿಗರಿಗೆ ಹೊಸದಲ್ಲ. ಪಂಪ, ರನ್ನರು ಅದನ್ನು ದುರ್ಯೋಧನನಲ್ಲಿ ಕಂಡು ಮೆಚ್ಚಿದ್ದಾರೆ. ಆದರೆ ಛಲದ ನಡುವೆ ‘ನಾನು’ ಇರುತ್ತದೆ. ಸೋತರೆ ಅದು ಮುರಿಯುತ್ತದೆ, ಬಾಗುವುದಿಲ್ಲ. ಕ್ರೈಸ್ತನ ತಾಳ್ಮೆಯಲ್ಲಿ ಕೆಲಸ ದೇವರದು, ಫಲವೂ ಅವನದು. ನನ್ನದು ಇಂದಿನ ಹಾಳೆಯೊಂದೇ. ಆದುದರಿಂದ ಕೆಲವನ್ನು ಬಿಡುವ ವಿವೇಕವೂ ಅದಕ್ಕುಂಟು. ಸುಟ್ಟುಹೋದ ಬಹುಭಾಷಾ ನಿಘಂಟನ್ನು ಕೇರಿ ಮತ್ತೆ ಪೂರ್ಣಗೊಳಿಸಲಿಲ್ಲ. ಅವರ ಅನುವಾದಗಳಲ್ಲಿ ಅನೇಕವನ್ನು ಮುಂದಿನವರು ತಿದ್ದಿದರು, ಬದಿಗಿಟ್ಟು ಹೊಸದಾಗಿಯೂ ಮಾಡಿದರು. ಹಾಗೆಂದು ಆ ದುಡಿಮೆ ವ್ಯರ್ಥವಾಯಿತೆನ್ನಲಾಗದು.

ಒಂದು ಮಾತನ್ನು ಮಾತ್ರ ಮುಚ್ಚಿಡಬಾರದು. ಕೇರಿಯವರ ಮಡದಿ ಡೊರೊತಿ ಮನಸ್ಸಿಲ್ಲದೆ ಈ ನಾಡಿಗೆ ಬಂದವರು. ಮಗನನ್ನು ಕಳೆದುಕೊಂಡ ಬಳಿಕ ಆಕೆಯ ಚಿತ್ತಸ್ಥೈರ್ಯ ಕದಡಿತು. 1807ರಲ್ಲಿ ತೀರಿಕೊಳ್ಳುವವರೆಗೂ ಅದು ಮರಳಲಿಲ್ಲ. ಗಂಡನ ದೃಢಸಂಕಲ್ಪದ ಬೆಲೆಯಲ್ಲಿ ಒಂದು ಪಾಲನ್ನು ಆಕೆ ತೆತ್ತರು. ದೊಡ್ಡವರ ನಿಶ್ಚಯವನ್ನು ಕೊಂಡಾಡುವಾಗ ಪಕ್ಕದ ಕೋಣೆಯ ನರಳಾಟವನ್ನೂ ಕೇಳಿಸಿಕೊಳ್ಳಬೇಕು. ಪ್ರೀತಿಯಿಲ್ಲದ ತಾಳ್ಮೆ ಕಲ್ಲಾಗುತ್ತದೆಂಬುದು ಕ್ರಿಸ್ತನ ಅನುಯಾಯಿಗಳಿಗೆ ತಿಳಿಯದ ಸಂಗತಿಯಲ್ಲ.

ಕೊನೆಗೆ ನನ್ನ ಮಾತೊಂದು. ಹಿಂದೊಂದು ಮಳೆಗಾಲದಲ್ಲಿ ನಮ್ಮ ಬಾಡಿಗೆ ಮನೆಯ ಸೂರು ಸೋರಿ, ಒಂದು ಹಳಗನ್ನಡ ಕಾವ್ಯಕ್ಕೆ ನಾನು ಬರೆದಿಟ್ಟಿದ್ದ ಟಿಪ್ಪಣಿಗಳ ಕಟ್ಟು ನೆನೆದು ಮುದ್ದೆಯಾಯಿತು. ಆರು ವರ್ಷಗಳ ಕೆಲಸ. ಮತ್ತೆ ಬರೆಯಲು ನಾನು ಕೂಡಲಿಲ್ಲ. ವಿಧಿಯೆಂದೆ, ಪುರಸೊತ್ತಿಲ್ಲವೆಂದೆ, ನಿವೃತ್ತನಾದ ಮೇಲೆ ಆ ಎರಡನೆಯ ನೆಪವೂ ಉಳಿಯಲಿಲ್ಲ. ಈ ಭಾಷಣವನ್ನು ಸಿದ್ಧಪಡಿಸುತ್ತಿದ್ದಾಗ ಆ ಕಾವ್ಯವನ್ನು ಕಪಾಟಿನಿಂದ ಇಳಿಸಿ ಮೇಜಿನ ಮೇಲಿಟ್ಟಿದ್ದೇನೆ. ಮೊದಲ ಪದ್ಯಕ್ಕೆ ಟಿಪ್ಪಣಿ ಮುಗಿದಿದೆ. ಮುಗಿಸುವೆನೋ ಇಲ್ಲವೋ, ನಾಳೆ ಎರಡನೆಯದು.