ನಂಜನಗೂಡಿನ ಹೆಣ್ಣುಮಗಳು ತೀರಿಸಿದ ಸಾಲ
(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಾಡಿದ ಉಪನ್ಯಾಸ)



ಸಂಘದ ಹಬ್ಬ ಅಂದಮೇಲೆ ಠೇವು, ಸಾಲ, ವಸೂಲಿ ಇವುಗಳ ಮಾತು ಬರುವುದು ರೂಢಿ. ಆ ಲೆಕ್ಕವನ್ನು ಕಾರ್ಯದರ್ಶಿಯವರು ತಮ್ಮ ವರದಿಯಲ್ಲಿ ಒಪ್ಪಿಸಿದ್ದಾರೆ. ನಮಗೆ ವಹಿಸಿದ ಕೆಲಸ ಬೇರೆ. ಕರ್ನಾಟಕದ ಮೊದಲ ಮಹಿಳಾ ಇಂಜಿನಿಯರ್ ಎಂದು ಹೆಸರಾದ ಡಾ. ರಾಜೇಶ್ವರಿ ಚಟರ್ಜಿಯವರನ್ನು ಕುರಿತು ನಾಲ್ಕು ಮಾತು ಹೇಳುವುದು. "ಅವರೆಲ್ಲಿ, ನಮ್ಮ ಕೊಣ್ಣೂರ ಎಲ್ಲಿ?" ಅಂತ ತಾವು ಕೇಳಬಹುದು. ಕೇಳುವುದು ಸರಿಯೇ.

ನಮ್ಮೂರಿಗೆ ಯಂತ್ರದ ಸಪ್ಪಳ ಹೊಸದಲ್ಲ. ಪಕ್ಕದ ಗೋಕಾಕ ಫಾಲ್ಸಿನಲ್ಲಿ ಘಟಪ್ರಭೆಯ ನೀರಿನ ಬಲದಿಂದ 1880ರ ದಶಕದಲ್ಲಿಯೇ ನೂಲಿನ ಗಿರಣಿ ತಿರುಗಿತು. ಗಿರಣಿಯ ಭೋಂಗಾ ಕೇಳಿ ಕೆಲಸಕ್ಕೆ ಹೊರಟ ಹಿರಿಯರು ನಮ್ಮ ಮನೆ-ಮನೆಗಳಲ್ಲಿ ಇದ್ದರು. ಆದರೆ ಯಂತ್ರವನ್ನು ನಡೆಸುವುದು ಬೇರೆ, ಅದರ ವಿದ್ಯೆಯನ್ನು ಕಲಿಯುವುದು ಬೇರೆ. ಆ ವಿದ್ಯೆಯ ಬಾಗಿಲು ಹೆಣ್ಣುಮಕ್ಕಳಿಗೆ ಬಹಳ ತಡವಾಗಿ ತೆರೆಯಿತು. ನಮ್ಮ ನಾಡಿನಲ್ಲಿ ಅದನ್ನು ಮೊದಲು ದಾಟಿದವರು ಈ ತಾಯಿ. ಅದಕ್ಕೇ ಅವರ ಮಾತು ಇಲ್ಲಿ ಬಂತು.

ರಾಜೇಶ್ವರಿಯವರು 1922ನೇ ಇಸವಿ ಜನವರಿ 24ರಂದು ನಂಜನಗೂಡಿನಲ್ಲಿ ಹುಟ್ಟಿದರು. ತಂದೆ ಬಿ. ಎಂ. ಶಿವರಾಮಯ್ಯ ವಕೀಲರು. ಅಜ್ಜಿ ಕಮಲಮ್ಮ ದಾಸಪ್ಪ ಹಳೆಯ ಮೈಸೂರು ಸಂಸ್ಥಾನದ ಮೊದಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ವಿಧವೆಯರು, ಗಂಡ ಬಿಟ್ಟ ಹೆಣ್ಣುಮಕ್ಕಳು ಇವರ ಶಿಕ್ಷಣಕ್ಕಾಗಿ ದುಡಿದವರು. ಮೊಮ್ಮಗಳು ಓದು ಆರಂಭಿಸಿದ್ದು ಅಜ್ಜಿ ಕಟ್ಟಿದ ಶಾಲೆಯಲ್ಲಿಯೇ. ಮುಂದೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, ಮೈಸೂರು ವಿಶ್ವವಿದ್ಯಾಲಯಕ್ಕೇ ಮೊದಲ ಸ್ಥಾನ ಪಡೆದು ಎಂ.ಎಸ್ಸಿ. ಮುಗಿಸಿದರು.

1943ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು. ನಮ್ಮ ಜನ ಅದನ್ನು ಟಾಟಾ ಇನ್‌ಸ್ಟಿಟ್ಯೂಟ್ ಅಂತಾರೆ. ಅಲ್ಲಿ ವಿದ್ಯುತ್ ವಿಭಾಗದಲ್ಲಿ ಸಂಪರ್ಕ ವಿಷಯದ ಸಂಶೋಧನೆಗೆ ತೊಡಗಿದರು. ಅವರ ಕೈಯಲ್ಲಿದ್ದ ಬಂಡವಾಳ ಗಣಿತ ಒಂದೇ. ಅದರ ಬಲದಿಂದಲೇ ಇಂಜಿನಿಯರಿಂಗ್ ಹೊಕ್ಕರು. "ಹುಡುಗಿಗೆ ಲೆಕ್ಕ ಕಲಿಸಿ ಏನ್ ಮಾಡೂದೈತಿ?" ಅನ್ನುವವರು ಈ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಸರ್ಕಾರದ ವಿದ್ಯಾರ್ಥಿವೇತನ ದೊರೆತು, ಸ್ವಾತಂತ್ರ್ಯ ಬಂದ 1947ರಲ್ಲಿಯೇ ಅಮೆರಿಕದ ಮಿಚಿಗನ್ ವಿಶ್ವವಿದ್ಯಾಲಯಕ್ಕೆ ಹೋದರು. ಆಗ ಅವರಿಗೆ 25 ವರ್ಷ. ಅಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರಿಂಗ್‌ನಲ್ಲಿ ಸ್ನಾತಕೋತ್ತರ ಪದವಿ, ವಾಷಿಂಗ್ಟನ್ನಿನಲ್ಲಿ ಎಂಟು ತಿಂಗಳ ತರಬೇತಿ, ಮತ್ತೆ ಬಾರ್ಬರ್ ವಿದ್ಯಾರ್ಥಿವೇತನದಿಂದ ಡಾಕ್ಟರೇಟ್. 1953ರಲ್ಲಿ ಸ್ವದೇಶಕ್ಕೆ ಮರಳಿ ಅದೇ ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕರಾದರು. ಸಹೋದ್ಯೋಗಿ ಶಿಶಿರ್ ಕುಮಾರ್ ಚಟರ್ಜಿಯವರನ್ನು ಮದುವೆಯಾದರು. ದಂಪತಿಗಳಿಬ್ಬರೂ ಕೂಡಿ ಮೈಕ್ರೋವೇವ್ ಸಂಶೋಧನೆಯ ಪ್ರಯೋಗಾಲಯ ಕಟ್ಟಿದರು.

ಈ ಮೈಕ್ರೋವೇವ್ ಅಂದರೇನು? ರೇಡಿಯೋದ ಹಾಗೆ ಇದೂ ಅಲೆಯೇ, ಆದರೆ ಬಹಳ ಗಿಡ್ಡ. ಸುಮಾರು ಒಂದು ಮೀಟರಿನಿಂದ ಒಂದು ಮಿಲಿಮೀಟರಿನವರೆಗೆ. ನಮ್ಮ ಹೊಲದ ಮಾತಿನಲ್ಲಿಯೇ ಹೇಳೋಣ. ಬೋರಿನ ನೀರು ಪೈಪಿನೊಳಗೆ ಹರಿದು ಬಂದು ಸ್ಪ್ರಿಂಕ್ಲರಿನ ಬಾಯಿಯಿಂದ ಹೊಲಕ್ಕೆ ಹಾರತೈತಿ. ಬಾಯಿ ಹೆಂಗೈತಿ ಹಂಗ ನೀರು: ಕೆಲವು ಸುತ್ತಲೂ ಚೆಲ್ಲುತ್ತವೆ, ಕೆಲವು ಒಂದೇ ದಿಕ್ಕಿಗೆ ದೂರ ಚಿಮ್ಮುತ್ತವೆ. ಮೈಕ್ರೋವೇವ್ ಅಲೆಯನ್ನೂ ಲೋಹದ ಕೊಳವೆಯಲ್ಲಿ ಒಯ್ದು, ಕೊನೆಗೆ ಆಂಟೆನಾದಿಂದ ಗಾಳಿಗೆ ಬಿಡುತ್ತಾರೆ. ಆಂಟೆನಾದ ಆಕಾರ, ಅಳತೆ ಹೇಗಿರಬೇಕು, ಅಲೆ ಎತ್ತ ಹೋಗಬೇಕು ಎಂಬುದನ್ನು ಗಣಿತದಿಂದ ಕಂಡುಹಿಡಿಯಬೇಕು. ಅವರು ಬಾಳೆಲ್ಲ ಮಾಡಿದ್ದು ಈ ಕೆಲಸ. ವಿಮಾನಕ್ಕೆ, ರಾಡಾರಿಗೆ, ಆಕಾಶನೌಕೆಗೆ ಬೇಕಾದ ವಿದ್ಯೆ ಇದು. ಇಂದು ನಮ್ಮ ಊರಿನ ಮೊಬೈಲ್ ಟಾವರು ನಡೆಯುವುದೂ, ಸಂಘದ ಖಾತೆಯ ಮೆಸೇಜು ನಿಮ್ಮ ಕಿಸೆಯೊಳಗಿನ ಫೋನಿಗೆ ಬರುವುದೂ ಇದೇ ಜಾತಿಯ ಅಲೆಗಳಿಂದ.

ಇನ್ನು ಸಾಲದ ಮಾತು. ರಾಜೇಶ್ವರಿಯವರು ಓದಿದ್ದು ಅಜ್ಜಿಯ ಶಾಲೆಯಿಂದ, ನಾಡಿನ ಕಾಲೇಜಿನಿಂದ, ಸರ್ಕಾರದ ಹಣದಿಂದ. ಅದನ್ನು ಅವರು ಬಡ್ಡಿ ಸಮೇತ ತೀರಿಸಿದರು. 20 ಜನರಿಗೆ ಪಿಎಚ್.ಡಿ. ಮಾರ್ಗದರ್ಶನ, 100ಕ್ಕೂ ಮೇಲೆ ಸಂಶೋಧನಾ ಲೇಖನ, ಏಳು ಪುಸ್ತಕ. ಬ್ರಿಟನ್ನಿನ ಮೌಂಟ್‌ಬ್ಯಾಟನ್ ಬಹುಮಾನವೂ ಬಂತು. ಮಗಳು ಕೂಡ ಅದೇ ವಿದ್ಯೆ ಕಲಿತು ಅಮೆರಿಕದಲ್ಲಿ ಪ್ರಾಧ್ಯಾಪಕಿಯಾದರು. 1982ರಲ್ಲಿ ನಿವೃತ್ತರಾದ ಮೇಲೂ ಸುಮ್ಮನೆ ಕೂಡಲಿಲ್ಲ; ಅಜ್ಜಿಯ ದಾರಿ ಹಿಡಿದು ಮಹಿಳೆಯರ ಕೆಲಸಕ್ಕೆ ಇಳಿದರು. 2010ರ ಸೆಪ್ಟೆಂಬರ್ 3ರಂದು, 88ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಬಂಧುಗಳೇ, 1905ರಲ್ಲಿ ನಮ್ಮ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಹುಟ್ಟುಹಾಕಿದ್ದು ಯಾಕೆ? ಕೈಯಲ್ಲಿ ರೊಕ್ಕ ಇಲ್ಲದ್ದಕ್ಕೆ ಒಕ್ಕಲಿಗನ ಬಿತ್ತನೆ ನಿಲ್ಲಬಾರದು ಅಂತ. ಹಾಗೆಯೇ ರೊಕ್ಕದ ಸಲುವಾಗಿ ಹುಡುಗಿಯ ಓದೂ ನಿಲ್ಲಬಾರದು. ಎಮ್ಮಿ ಕೊಳ್ಳಲು, ಪೈಪ್‌ಲೈನ್ ಮಾಡಲು ಸಾಲ ಕೇಳುವಾಗ ನಾವು ಹಿಂದೆ-ಮುಂದೆ ನೋಡುವುದಿಲ್ಲ. ಹತ್ತನೇತ್ತ ಪಾಸಾದ ಮಗಳನ್ನು ಡಿಪ್ಲೊಮಾಕ್ಕೆ ಕಳಿಸುವ ಮಾತು ಬಂದಾಗ ಮಾತ್ರ "ನೋಡೂಣು, ವರಾ ಬಂದೈತಿ" ಅನ್ನುತ್ತೇವೆ. ಲೆಕ್ಕದಲ್ಲಿ ಶ್ಯಾಣ್ಯಾ ಇದ್ದ ಎಷ್ಟು ಹುಡುಗಿಯರ ಪುಸ್ತಕ ಹೀಗೆ ಅಟ್ಟ ಸೇರಿದವೋ, ಅದಕ್ಕೆ ಯಾವ ವಹಿಯಲ್ಲೂ ನೋಂದಣಿ ಇಲ್ಲ.

ಆದುದರಿಂದ ಈ ಸಭೆಗೆ ನಮ್ಮದೊಂದು ವಿನಂತಿ. ಬರುವ ವಾರ್ಷಿಕ ಮಹಾಸಭೆಯಲ್ಲಿ ಒಂದು ಠರಾವು ಆಗಲಿ. ಲಾಭದೊಳಗಿನ ಒಂದು ಪಾಲು, ಸಣ್ಣದಿದ್ದರೂ ಅಡ್ಡಿಯಿಲ್ಲ, ಕಾಯ್ದೆಗೆ ಒಳಪಟ್ಟು ಪ್ರತಿ ವರ್ಷ ಸದಸ್ಯರ ಹೆಣ್ಣುಮಕ್ಕಳ ತಾಂತ್ರಿಕ ಶಿಕ್ಷಣಕ್ಕೆ ಮೀಸಲಾಗಲಿ. ಗಣಿತದಲ್ಲಿ ಹೆಚ್ಚು ಅಂಕ ತೆಗೆದ ಹುಡುಗಿಗೆ ಮೊದಲ ಹಕ್ಕು ಇರಲಿ. ಕಲಿತು ಕೆಲಸಕ್ಕೆ ಹತ್ತಿದ ಮೇಲೆ ಅವಳು ಊರಿನ ಇನ್ನೊಬ್ಬ ಹುಡುಗಿಗೆ ಪಾಠ ಹೇಳಿಕೊಡಲಿ. ಅದೇ ಮರುಪಾವತಿ ಅಂತ ತಿಳಿಯೋಣ. ಠರಾವಿಗೆ ಕೈ ಎತ್ತುವವರಲ್ಲಿ ತಾಯಂದಿರು ಮುಂದಿನ ಸಾಲಿನಲ್ಲಿರಲಿ ಎಂದು ಕೇಳಿಕೊಂಡು ನಮ್ಮ ಮಾತು ಮುಗಿಸುತ್ತೇವೆ.

ಜೈ ಕರ್ನಾಟಕ, ಜೈ ಸಹಕಾರ.